ಪಾಲಕರಿಗೆ ತಿಳಿಸತಕ್ಕದ್ದು

ಕೆಟ್ಟ ಸುದ್ದಿ ಹೇಳುವುದೂ ಒಂದು ವಿದ್ಯೆ. ಅದು ನನಗೆ ಬರುವುದಿಲ್ಲ. ಇಪ್ಪತ್ತಾರು ವರ್ಷದಿಂದ ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿ ಮತ್ತೆ ಮಲಗಬಲ್ಲೆ. ಆದರೆ ಎದುರಿಗೆ ಕೂತ ತಾಯಿಗೆ ನಿಮ್ಮ ಮಗ ನಪಾಸಾಗಿದ್ದಾನೆ ಎನ್ನಬೇಕಾದರೆ ನನ್ನ ಹೃದಯಕ್ಕೆ ಒಂದು ಕೋಣೆಯೂ ಇಲ್ಲದಂತಾಗುತ್ತದೆ. ಹಿಂದೊಮ್ಮೆ ನಮ್ಮ ಮನೆಯವರ ಸೋದರಮಾವ ನಮ್ಮಲ್ಲಿಗೆ ಬಂದಿದ್ದಾಗ ಅಟ್ಟದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ನಾನು ನಮ್ಮ ಮನೆಯವರ ಆಫೀಸಿಗೆ ಫೋನು ಮಾಡಿ ಮೊದಲು ಊಟ ಆಯಿತೇ ಎಂದು ಕೇಳಿದೆ. ಆಮೇಲೆ ಡಬ್ಬಿಯ ಪಲ್ಯಕ್ಕೆ ಉಪ್ಪು ಸರಿಯಾಗಿತ್ತೇ ಎಂದು ಕೇಳಿದೆ. ಗೋಪನಕೊಪ್ಪದ ನಮ್ಮ ಓಣಿಗೆ ಅಂತೂ ನೀರು ಬಿಟ್ಟ ಸಂಗತಿಯನ್ನೂ ಹೇಳಿದೆ. "ಇಷ್ಟ ಹೇಳಾಕ ಫೋನ್ ಮಾಡಿದೇನು?" ಎಂದರು ಅವರು. "ಹಂಗಲ್ರಿ, ನಮ್ಮ ಅಟ್ಟದ ಏಣಿ ಎಷ್ಟ ಎತ್ತರ ಐತ್ರಿ?" ಎಂದೆ. ಅವರು, "ಯಾರ ಬಿದ್ರು?" ಎಂದು ಕೇಳಿದರು. ಮೂವತ್ತು ವರ್ಷ ಜೊತೆಗೆ ಬಾಳಿದವರಿಗೆ ಮಾತ್ರ ಅರ್ಥವಾಗುವ ಭಾಷೆ ನನ್ನದು.

ನಾನು ಧಾರವಾಡದಲ್ಲಿ ಓದುತ್ತಿದ್ದ ಕಾಲದಲ್ಲಿ ಈ ತೊಂದರೆ ಮಾಸ್ತರರಿಗೆ ಇರಲಿಲ್ಲ. ನಮ್ಮಣ್ಣನನ್ನು ಒಂದು ಸಲ ತರಗತಿಯಿಂದ ಹೊರಗೆ ಹಾಕಿದಾಗ ಅವನು ಬುದ್ಧಿವಂತಿಕೆಯಿಂದ ಊರೆಲ್ಲ ಸುತ್ತಿ ಸಂಜೆ ಮನೆಗೆ ಬಂದ. ಅಷ್ಟರಲ್ಲಿ ನಮ್ಮಪ್ಪನಿಗೂ ಅವನ ಮಾಸ್ತರರಿಗೂ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಭೇಟಿಯಾಗಿತ್ತು. ಸುದ್ದಿ ಮೆಂತ್ಯದ ಸೂಡಿನ ಜೊತೆಗೆ ಅದೇ ಚೀಲದಲ್ಲಿ ಮನೆ ಸೇರಿತ್ತು. ಯಾರೂ ಸಹಿ ಕೇಳಲಿಲ್ಲ. ಸಹಿ ಅಣ್ಣನ ಬೆನ್ನ ಮೇಲೆ ಬಿತ್ತು. ಈಗ ಮಾಸ್ತರರೂ ಅಪ್ಪಂದಿರೂ ಒಂದೇ ಮಾರ್ಕೆಟ್ಟಿಗೆ ಹೋಗುವುದಿಲ್ಲವಾದ್ದರಿಂದ ನಿಯಮ ಬೇಕಾಗಿದೆ. ನಮ್ಮ ಶಾಲೆಯ ನಿಯಮ ಹೀಗಿದೆ: ವಿದ್ಯಾರ್ಥಿಯನ್ನು ಅಮಾನತು ಮಾಡಿದಲ್ಲಿ ಪಾಲಕರಿಗೆ ತಿಳಿಸತಕ್ಕದ್ದು, ತಿಳಿಸಿದ್ದಕ್ಕೆ ಸಹಿ ಪಡೆಯತಕ್ಕದ್ದು, ತಿಳಿಸುವವರೆಗೆ ವಿದ್ಯಾರ್ಥಿಯನ್ನು ಒಬ್ಬಂಟಿಯಾಗಿ ಹೊರಗೆ ಕಳಿಸತಕ್ಕದ್ದಲ್ಲ. ಒಳ್ಳೆಯ ನಿಯಮ. ಯಾರು ತಿಳಿಸತಕ್ಕದ್ದು ಎಂಬಲ್ಲಿ ಮಾತ್ರ ತರಗತಿ ಶಿಕ್ಷಕರು ಎಂದಿದೆ. ಒಂಬತ್ತನೇ ತರಗತಿಗೆ ಆ ತರಗತಿ ಶಿಕ್ಷಕಿ ನಾನು.

ಅಮಾನತಾದವಳು ಪಲ್ಲವಿ. ಶಿರಗುಪ್ಪಿಯಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗಿ, ಎರಡು ಬಿಗಿ ಜಡೆ, ಕೇಳಿದ್ದಕ್ಕಷ್ಟೇ ಉತ್ತರ. ಅವಳು ಮಾಡಿದ ಅಪರಾಧವನ್ನು ಹೇಳುವ ಮೊದಲು ನಮ್ಮ ಶಾಲೆಯ ಗಂಟೆಯ ವಿಷಯ ಹೇಳಬೇಕು. ವರಾಂಡದಲ್ಲಿ ತೂಗುಹಾಕಿದ ರೈಲು ಹಳಿಯ ತುಂಡೇ ನಮ್ಮ ಗಂಟೆ. ಅದನ್ನು ಬಾರಿಸುವವರು ಸಿಪಾಯಿ ಮಾಬುಸಾಬರು. ಅವರಿಗೆ ಮೊಣಕಾಲು ನೋವು. ಸಂಜೆ ಹೊತ್ತಿಗೆ ಕುರ್ಚಿಯಿಂದ ಏಳುವುದೇ ಕಷ್ಟವಾಗುತ್ತಿದ್ದುದರಿಂದ, ಗಂಟೆಯ ಪಕ್ಕದ ಕೋಣೆಯಲ್ಲೇ ಕೂರುವ ಪಲ್ಲವಿ, "ಕಾಕಾ, ಕಡೀ ಗಂಟಿ ನಾ ಹೊಡೀತೇನಿ, ನೀವ ಕುಂದರ್ರಿ" ಎಂದಳಂತೆ. ಮಾಬುಸಾಬರು ಅವಳ ತಲೆ ಸವರಿ ಸುತ್ತಿಗೆ ಕೊಟ್ಟರು. ಅಂದಿನಿಂದ ನಾಲ್ಕೂವರೆಗೆ ಆಗಬೇಕಾದ ಕೊನೆಯ ಗಂಟೆ ನಾಲ್ಕೂಕಾಲಿಗೆ ಆಗತೊಡಗಿತು. ಹೀಗೆ ಮೂರು ವಾರ ನಡೆಯಿತು.

ಮೂರು ವಾರ ಯಾರಿಗೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಆಡಳಿತ ಮಂಡಳಿಯವರೂ ಅದನ್ನೇ ಕೇಳಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲ ದಿನ ನನ್ನ ಕೈಗಡಿಯಾರ ಹಿಂದೆ ಬಿದ್ದಿದೆ ಎಂದುಕೊಂಡೆ. ಎರಡನೆಯ ದಿನ ಅದನ್ನು ರಿಪೇರಿಗೆ ಒಯ್ದೆ. ಅಂಗಡಿಯವನು ಏನೂ ಆಗಿಲ್ಲ ಎಂದ. ಮೂರನೆಯ ದಿನದಿಂದ ನಾನು ಶಾಲೆಯಲ್ಲಿ ಗಡಿಯಾರ ನೋಡುವುದನ್ನೇ ಬಿಟ್ಟೆ. ಸಮಾಜವಿಜ್ಞಾನದ ಸರ್‌ಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗತೊಡಗಿತ್ತು, ಹಿಂದಿ ಟೀಚರು ಸಂಜೆಯ ಹೊಲಿಗೆ ಕ್ಲಾಸಿಗೆ ಸೇರಿಕೊಂಡಿದ್ದರು. ಹದಿನೈದು ನಿಮಿಷ ಎಲ್ಲಿಂದ ಬಂತು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ದೇವರು ಕೊಟ್ಟದ್ದರ ರಸೀದಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಹೆಡ್ ಮಾಸ್ತರರಾದ ದೇಸಾಯಿ ಸರ್ ಮಾತ್ರ ಹಿಂದಿನ ಕೋಣೆಯಲ್ಲಿ ಫ್ಯಾನು ಹಾಕಿಕೊಂಡು ಕಡತಗಳಿಗೆ ಸಹಿ ಮಾಡುತ್ತ, ಶಾಲೆ ಎಷ್ಟು ಶಾಂತವಾಗಿ ನಡೆಯುತ್ತಿದೆ ಎಂದು ಸಂತೋಷಪಡುತ್ತಿದ್ದರು. ಒಂದು ಶುಕ್ರವಾರ ನಾಲ್ಕು ಇಪ್ಪತ್ತೈದಕ್ಕೆ ಆಡಳಿತ ಮಂಡಳಿಯ ಸದಸ್ಯರೊಬ್ಬರು ನೀರಿನ ಟ್ಯಾಂಕು ನೋಡಲು ಬಂದರು. ಶಾಲೆಯಲ್ಲಿ ಅವರಿಗೆ ಸಿಕ್ಕಿದ್ದು ಟ್ಯಾಂಕು ಮತ್ತು ದೇಸಾಯಿ ಸರ್ ಇಬ್ಬರೇ.

ಸೋಮವಾರ ಸಭೆ ಸೇರಿತು. ಮೂರು ವಾರ ಹದಿನೈದು ನಿಮಿಷ ಮುಂಚೆ ಮನೆ ಸೇರಿ ಚಹಾ ಕುಡಿದ ನಾವೆಲ್ಲ, ಹುಡುಗಿ ಮಾಡಿದ್ದು ಅತ್ಯಂತ ಗಂಭೀರ ತಪ್ಪು ಎಂದು ಒಮ್ಮತದಿಂದ ಹೇಳಿದೆವು. ಪಲ್ಲವಿಯನ್ನು ಕರೆಸಲಾಯಿತು. ನಾಲ್ಕೂವರೆಯ ಬಸ್ಸು ಹಿಡಿಯುವುದಕ್ಕಾಗಿ ಹಾಗೆ ಮಾಡಿದೆ ಎಂದು ಅವಳು ಒಪ್ಪಿಕೊಂಡಳು. ಮೊದಲು ನಾಲ್ಕು ಐವತ್ತಕ್ಕೆ ಹೊರಡುತ್ತಿದ್ದ ಶಿರಗುಪ್ಪಿಯ ಬಸ್ಸು ಈಗ ನಾಲ್ಕೂವರೆಗೇ ಹೊರಡುತ್ತದಂತೆ. ಅದು ತಪ್ಪಿದರೆ ಆರಕ್ಕೇ ಇನ್ನೊಂದು. "ಅದನ್ನ ಯಾರಿಗರ ಹೇಳಬೇಕಿತ್ತಲ್ಲವಾ?" ಎಂದರು ದೇಸಾಯಿ ಸರ್. ಪಲ್ಲವಿ ತಲೆಯೆತ್ತಿ ನನ್ನ ಕಡೆಗೊಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದಳು. ತರಗತಿ ಶಿಕ್ಷಕಿಯ ಮೇಲೆ ಎಷ್ಟು ಗೌರವ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಮಂಗಳವಾರದಿಂದ ಮೂರು ದಿನ ಅಮಾನತು ಎಂದು ತೀರ್ಮಾನವಾಯಿತು. "ಪತ್ರ ಹುಡುಗಿ ಕೈಯಾಗ ಕೊಟ್ರ ಮನಿ ಮುಟ್ಟಂಗಿಲ್ಲ. ಮೇಡಮ್ರ, ನೀವ ಫೋನ್ ಹಚ್ಚಿ ತಿಳಿಸ್ರಿ" ಎಂದರು ಸರ್.

ಪ್ರವೇಶದ ರಜಿಸ್ಟರಿನಲ್ಲಿದ್ದ ನಂಬರಿಗೆ ಫೋನು ಹಚ್ಚಿದೆ. ಅದು ಪಲ್ಲವಿಯ ಅಪ್ಪನದಲ್ಲ, ಊರಿನ ಹಿಟ್ಟಿನ ಗಿರಣಿಯದು. ಶಾಲೆಗೆ ಹೆಸರು ಹಚ್ಚುವಾಗ ಅವರ ಫೋನು ಕೆಟ್ಟಿತ್ತೆಂದು ಗಿರಣಿಯ ಶಿವಪ್ಪನ ನಂಬರು ಕೊಟ್ಟಿದ್ದರಂತೆ. ಶಿವಪ್ಪ ಒಳ್ಳೆಯ ಮನುಷ್ಯ, ಆದರೆ ಅವನ ಹಿಂದೆ ಗಿರಣಿ ತಿರುಗುತ್ತಿತ್ತು. ಪರರ ಮುಂದೆ ಹುಡುಗಿಯ ಮಾನ ತೆಗೆಯಬಾರದೆಂದು ನಾನು ಅಮಾನತು ಎಂಬ ಮಾತನ್ನೇ ಎತ್ತದೆ, ಮೊದಲು ಅವನ ಆರೋಗ್ಯ, ಆಮೇಲೆ ಆ ವರ್ಷದ ಜೋಳದ ಬೆಳೆ ಎಲ್ಲ ವಿಚಾರಿಸಿ, ಕೊನೆಗೆ, "ನಾಳೆಯಿಂದ ಮೂರು ದಿನ ಸಾಲಿಗೆ ಬರೂದು ಬ್ಯಾಡ ಅಂತ ಪಲ್ಲವಿ ಮನ್ಯಾಗ ಹೇಳ್ರಿ" ಎಂದೆ.

"ಮೂರು ದಿನ ಸಾಲಿ ಇಲ್ಲೇನ್ರಿ? ಯಾಕ್ರಿ, ಯಾರರ ತೀರಿಕೊಂಡ್ರೇನ್ರಿ?"

"ಯಾರೂ ತೀರಿಕೊಂಡಿಲ್ರಿ. ಪಲ್ಲವಿ ಅಷ್ಟ..."

"ಆತ್ರಿ ಅಕ್ಕಾರ, ಆತ್ರಿ. ಎಲ್ಲಾರಿಗೂ ಹೇಳ್ತೇನಿ."

ಎಲ್ಲರಿಗೂ ಎಂದರೆ ಅವಳ ಮನೆಯ ಎಲ್ಲರಿಗೂ ಎಂದುಕೊಂಡೆ. ರಜಿಸ್ಟರಿನಲ್ಲಿ 'ದೂರವಾಣಿ ಮೂಲಕ ಪಾಲಕರಿಗೆ ತಿಳಿಸಲಾಗಿದೆ' ಎಂದು ದುಂಡಗೆ ಬರೆದು, ಕೆಳಗೆ ಗೆರೆಯನ್ನೂ ಎಳೆದು, ಅಂದು ನೆಮ್ಮದಿಯಿಂದ ಉಂಡೆ.

ಮಂಗಳವಾರ ಬೆಳಿಗ್ಗೆ ಶಿರಗುಪ್ಪಿಯಿಂದ ಬರುವ ಉಳಿದ ಹನ್ನೊಂದು ಮಕ್ಕಳಲ್ಲಿ ಒಬ್ಬರೂ ಬರಲಿಲ್ಲ. ಬಂದವಳು ಪಲ್ಲವಿ ಒಬ್ಬಳೇ. ಸಮವಸ್ತ್ರ ಹಾಕಿಕೊಂಡು, ಪಾಟೀಚೀಲ ತೊಡೆಯ ಮೇಲಿಟ್ಟುಕೊಂಡು ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹತ್ತಿರ ಹೋದೊಡನೆ ಎದ್ದು ನಿಂತು ಹೇಳಿದಳು: "ಟೀಚರ್, ನಮ್ಮೂರ ಹುಡುಗೂರಿಗೆಲ್ಲ ಮೂರು ದಿನ ಸೂಟಿ ಅಂತ ಗಿರಣಿ ಕಾಕಾ ಡಂಗುರಾ ಹೊಡದಾನ್ರಿ. ನಾ ಎಷ್ಟ ಹೇಳಿದ್ರೂ ಯಾರೂ ನಂಬವಲ್ರು. ನಿಮಗ ತಿಳಿಸೂಣ ಅಂತ ಬಂದೆ."

"ನಿಮ್ಮ ಮನ್ಯಾಗ ನಿನ್ನ ವಿಷಯ ಗೊತ್ತೈತೇನು?"

"ಇಲ್ರಿ. ಅವ್ವಾನೂ ಸೂಟಿ ಅಂತನ ತಿಳ್ಕೊಂಡಾಳ. ಸ್ಪೆಷಲ್ ಕ್ಲಾಸ್ ಐತಿ ಅಂತ ಹೇಳಿ ಬಂದೇನ್ರಿ."

"ಮತ್ತ ಇಲ್ಲ್ಯಾಕ ಕುಂತಿ? ಒಳಗ ಬಾ."

"ನಾ ಒಳಗ ಬರಂಗಿಲ್ಲಲ್ರಿ ಟೀಚರ್, ಸಸ್ಪೆಂಡ್ ಆಗೇನಿ."

ಇಡೀ ಊರಿನಲ್ಲಿ ಶಾಲೆಗೆ ಬರಬಾರದೆಂದು ನಾವು ಹೇಳಿದ್ದು ಒಬ್ಬಳಿಗೆ. ಬಂದವಳೂ ಅವಳೊಬ್ಬಳೇ. ಮನೆಯಲ್ಲಿ ಹಾಯಾಗಿ ಮಲಗಲು ಊರೇ ಸೇರಿ ನೆಪ ಒದಗಿಸಿಕೊಟ್ಟಿದ್ದರೂ ಈ ಹುಡುಗಿ ಒಂದು ಸುಳ್ಳು ಹೇಳಿ ಸತ್ಯ ತಿಳಿಸಲು ಬಂದಿದ್ದಳು. ದೇಸಾಯಿ ಸರ್‌ಗೆ ವರದಿ ಮಾಡಿದೆ. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ಮೇಡಮ್ರ, ಒಬ್ಬಾಕಿನ್ನ ಬಿಡಿಸ್ರಿ ಅಂದ್ರ ಹನ್ನೊಂದ ಮಂದಿನ್ನ ಬಿಡಿಸೀರಿ. ಇನ್ನ ಫೋನ್ ಬ್ಯಾಡ. ಸಾಲಿ ಬಿಟ್ಟ ಮ್ಯಾಲೆ ಆ ಹುಡುಗೀನ್ನ ಕರಕೊಂಡು ನೀವ ಊರಿಗೆ ಹೋಗ್ರಿ, ಪತ್ರ ಕೊಟ್ಟು ಸಹಿ ತಗೊಂಡು ಬರ್ರಿ." ತರಗತಿಯೊಳಗೆ ಬಿಡುವಂತಿಲ್ಲ, ಪಾಲಕರಿಗೆ ತಿಳಿಸದೆ ಹೊರಗೆ ಕಳಿಸುವಂತಿಲ್ಲ. ಹೀಗಾಗಿ ಪಲ್ಲವಿ ಆ ದಿನವಿಡೀ ಪ್ರಯೋಗಾಲಯದಲ್ಲಿ ಕೂತು, ಎರಡು ವರ್ಷದಿಂದ ಧೂಳು ತಿನ್ನುತ್ತಿದ್ದ ಪ್ರನಾಳಗಳನ್ನೆಲ್ಲ ತೊಳೆದು ಒರೆಸಿಟ್ಟಳು. ಅಮಾನತಾಗದ ವಿದ್ಯಾರ್ಥಿಗಳಿಂದ ಅಷ್ಟು ಕೆಲಸ ನಾನು ಯಾವತ್ತೂ ಕಂಡಿರಲಿಲ್ಲ.

ಸಂಜೆ ಮಾಬುಸಾಬರು ತಾವೇ ಎದ್ದು, ಗೋಡೆ ಹಿಡಿದುಕೊಂಡು ಬಂದು, ನಾಲ್ಕೂವರೆಗೆ ಸರಿಯಾಗಿ ಗಂಟೆ ಹೊಡೆದರು. ನಾನೂ ಪಲ್ಲವಿಯೂ ಬಿರಬಿರನೆ ನಡೆದೆವು. ಬಸ್ ನಿಲ್ದಾಣ ಹತ್ತು ನಿಮಿಷದ ದಾರಿ. ಬಸ್ಸು ಹೋಗಿಯಾಗಿತ್ತು. ಹೋಗಿರುತ್ತದೆಂದು ಪಲ್ಲವಿಗೆ ಗೊತ್ತಿತ್ತು. ಆದರೂ ನನ್ನ ಸಮಾಧಾನಕ್ಕೆಂದು ಅವಳೂ ಓಡಿದ್ದಳು.

ಇನ್ನು ಆರರವರೆಗೆ ಕಾಯಬೇಕು. ನಾನು ಖಾಲಿ ಇದ್ದ ಒಂದು ಬೆಂಚಿನ ಕಡೆ ಹೊರಟೆ. "ಅಲ್ಲಿ ಬ್ಯಾಡ್ರಿ ಟೀಚರ್" ಎಂದು ಪಲ್ಲವಿ ನನ್ನನ್ನು ಹೂ ಮಾರುವ ಮುದುಕಿಯ ಬುಟ್ಟಿಯ ಪಕ್ಕಕ್ಕೆ ಕರೆದೊಯ್ದಳು. "ಇಲ್ಲಿ ಅಜ್ಜಿ ಬಾಜೂಕ ನಿಂತ್ರ ಯಾರೂ ಏನೂ ಅನ್ನಂಗಿಲ್ರಿ. ಆ ಕಡೆ ಬೆಂಚಿನ ಮ್ಯಾಲೆ ಕುಂತ್ರ ಹುಡುಗೂರು ಬಂದು ಮಾತಾಡಸ್ತಾರ." ಅದನ್ನು ಅವಳು ಬಸ್ಸಿನ ವೇಳೆ ಹೇಳುವಷ್ಟೇ ಸಹಜವಾಗಿ ಹೇಳಿದಳು. ಬಸ್ಸಿನ ವೇಳೆ ಬದಲಾದಾಗ ಒಂದು ವಾರ ಅವಳೂ ಅವಳಿಗಿಂತ ಚಿಕ್ಕವರಾದ ನಾಲ್ಕು ಹುಡುಗಿಯರೂ ಹೀಗೇ ಒಂದೂಕಾಲು ಗಂಟೆ ನಿಂತಿದ್ದರಂತೆ. ಆ ಒಂದೂಕಾಲು ಗಂಟೆಯಲ್ಲಿ ನಾನು ಎರಡು ಕಪ್ಪು ಚಹಾ ಕುಡಿದೆ, ಬೇಡವಾದರೂ ಎರಡು ಮೊಳ ಸೇವಂತಿಗೆ ಕೊಂಡೆ, ಹದಿನೈದು ನಿಮಿಷ ಎಂದರೆ ಎಷ್ಟು ಎಂಬುದನ್ನು ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೊದಲ ಸಲ ಲೆಕ್ಕಹಾಕಿದೆ. ಆರರ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಊರಿನ ಕ್ರಾಸಿನಲ್ಲಿ ಇಳಿದಾಗ ಕತ್ತಲಾಗಿತ್ತು. ಅಲ್ಲಿಂದ ಮನೆಗೆ ದೀಪವಿಲ್ಲದ ದಾರಿ. ನಾನು ಮೊಬೈಲಿನ ಬೆಳಕು ಹಾಕುವಷ್ಟರಲ್ಲಿ ಪಲ್ಲವಿ ನನ್ನ ಕೈ ಹಿಡಿದಿದ್ದಳು. "ಎಡಕ್ಕ ಬರ್ರಿ ಟೀಚರ್. ಅಲ್ಲೆ ತೆಗ್ಗ ಐತಿ" ಎಂದಳು. ಯಾರನ್ನು ಯಾರು ಮನೆ ಮುಟ್ಟಿಸುತ್ತಿದ್ದಾರೆ ಎಂಬುದು ನನಗೆ ಸ್ಪಷ್ಟವಾಗಲಿಲ್ಲ.

ಪಲ್ಲವಿಯ ಅವ್ವ ಶಾಂತವ್ವ ನಮ್ಮನ್ನು ಕಂಡು ಅಂಗಳದಲ್ಲೇ ನಿಂತರು. ಶಾಲೆಯ ಅಕ್ಕಾರು ಮನೆತನಕ ಬಂದದ್ದು ಅವರಿಗೆ ಸಂಭ್ರಮವಾಗಿತ್ತು. ಪಡಸಾಲೆಯ ಅರ್ಧದಷ್ಟು ಬಿಡಿಸಿ ತಂದ ಹತ್ತಿಯ ರಾಶಿ. ಉಳಿದರ್ಧದಲ್ಲಿ ಚಾಪೆ ಹಾಸಿ ಕೂರಿಸಿದರು. ಪಲ್ಲವಿಯ ಅಪ್ಪ ಫಕ್ಕೀರಪ್ಪ ಹೊಲದಿಂದ ಬಂದವರು ನಮಸ್ಕಾರ ಮಾಡಿ ಬಾಗಿಲ ಹತ್ತಿರ ಕೂತರು. ನಾನು ಚೀಲದಿಂದ ಪತ್ರ ತೆಗೆಯಬೇಕು ಎನ್ನುವಷ್ಟರಲ್ಲಿ ಚಹಾ ಬಂತು. ಚಹಾ ಮುಗಿಯುವಷ್ಟರಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದವು. ಉಣ್ಣದೆ ಕೆಟ್ಟ ಸುದ್ದಿ ಹೇಳಿದರೆ ಮರ್ಯಾದೆಯಲ್ಲ, ಉಂಡ ಮೇಲೆ ಹೇಳಿದರೆ ಇನ್ನೂ ಅಲ್ಲ. ಈ ಗೊಂದಲದಲ್ಲಿ ಎರಡು ರೊಟ್ಟಿ ಮುಗಿದವು. ಹತ್ತಿ ಈ ಸಲ ಹೇಗೆ ಬಂದಿದೆ ಎಂದು ಕೇಳಿದೆ. ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದೆ. ಮೂರನೆಯ ರೊಟ್ಟಿ ತಟ್ಟೆಗೆ ಬಿದ್ದಾಗ ಎದುರಿಗೆ ಕೂತಿದ್ದ ಪಲ್ಲವಿಗೆ ತಡೆಯಲಾಗಲಿಲ್ಲ.

"ಅವ್ವ, ನನ್ನ ಸಾಲಿಂದ ಮೂರು ದಿನ ಹೊರಗ ಹಾಕ್ಯಾರ. ಟೀಚರ್ ಅದನ್ನ ಹೇಳಾಕ ಬಂದಾರ. ಅವರಿಗೆ ಹೇಳಾಕ ಆಗವಲ್ದು."

ಹೀಗೆ, ನಿಯಮದ ಪ್ರಕಾರ ಪಾಲಕರಿಗೆ ತಿಳಿಸಲಾಯಿತು. ತಿಳಿಸಿದ್ದು ವಿದ್ಯಾರ್ಥಿನಿ.

ಶಾಂತವ್ವ ಮಗಳ ಬಾಯಿಂದಲೇ ಎಲ್ಲ ಕೇಳಿಕೊಂಡರು. "ಗಂಟಿ ನಿಮ್ಮಪ್ಪಂದೇನ ಬೇಕಾದಾಗ ಬಡ್ಯಾಕ?" ಎಂದು ಒಂದೇ ಮಾತು ಬಯ್ದರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಎದುರಿಗೆ ಬಂದು ಕೂತರು.

"ತಪ್ಪ ಮಾಡ್ಯಾಳ ಅಕ್ಕಾರ, ಶಿಕ್ಷಾ ಆಗ್ಲಿ. ನಾ ಬ್ಯಾಡ ಅನ್ನಂಗಿಲ್ಲ. ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಾ ಬರದ ಚೀಟಿ ನಿಮಗ ಮುಟ್ತೋ ಇಲ್ಲೊ?"

"ಯಾವ ಚೀಟಿ?" ಎಂದೆ. ಎನ್ನುತ್ತಿದ್ದಂತೆಯೇ ನೆನಪಾಯಿತು. ತಿಂಗಳ ಹಿಂದೆ ಪಲ್ಲವಿ ಒಂದು ಮಡಚಿದ ಹಾಳೆ ಕೊಟ್ಟಿದ್ದಳು. ರಜೆಯ ಚೀಟಿ ಇರಬೇಕೆಂದು ಬಿಚ್ಚದೆ ಎಲ್ಲೋ ಸಿಕ್ಕಿಸಿದ್ದೆ. ಎರಡು ದಿನ ಬಿಟ್ಟು, ಅವ್ವನ ಚೀಟಿಗೆ ಏನಂದಿರಿ ಎಂದು ಅವಳು ಕೇಳಿದಾಗ, "ನೋಡೂಣ" ಎಂದಿದ್ದೆ. ಅದನ್ನು ನಾನು ದಿನಕ್ಕೆ ಇಪ್ಪತ್ತು ಜನರಿಗೆ ಹೇಳುತ್ತೇನೆ.

"ಬಸ್ಸಿನ ಟೈಮ್ ಬದಲಾಗೇತಿ, ಹುಡುಗೂರು ಮನಿ ಮುಟ್ಟೂದ್ರಾಗ ಕತ್ತಲಾಗತೈತಿ, ಕಾಲು ತಾಸು ಲಗೂ ಬಿಡ್ರಿ ಅಂತ ಬರದಿದ್ದೆ" ಎಂದರು ಶಾಂತವ್ವ. "ನೀವು ಓದಿ ಏನರ ಮಾಡಿರಬೇಕು, ಅದಕ್ಕ ಲಗೂ ಬಿಡಾಕತ್ತಾರ ಅಂತ ನಾ ತಿಳಕೊಂಡಿದ್ದೆ. ಮೂರು ವಾರ ನಿಮಗ ಪುಣ್ಯಾ ಬರ್ಲಿ ಅಂತ ದೀಪಾ ಹಚ್ಚೇನಿ."

ನಾನು ಪಲ್ಲವಿಯ ಕಡೆ ನೋಡಿದೆ. ಸಭೆಯಲ್ಲಿ ಅವಳು ನನ್ನತ್ತ ನೋಡಿ ತಲೆ ತಗ್ಗಿಸಿದ್ದು ಗೌರವಕ್ಕಲ್ಲ ಎಂಬುದು ಈಗ ಹೊಳೆಯಿತು. "ಸರ್ ಕೇಳಿದಾಗ ಯಾಕ ಹೇಳಲಿಲ್ಲ?" ಎಂದೆ.

"ನೀವ ಅಲ್ಲೇ ಕುಂತಿದ್ರೆಲ್ರಿ" ಎಂದಳು. ಮತ್ತೆ, "ನೀವು ನೋಡೂಣ ಅಂದಿದ್ರಿ. ಒಂದ ವಾರ ಕಾದು, ಆಮ್ಯಾಲೆ ನಾನ ನೋಡಿದೆ" ಎಂದಳು.

"ಚೀಟಿ ಮುಟ್ಟೇತ್ರಿ" ಎಂದು ಶಾಂತವ್ವನಿಗೆ ಹೇಳಿದೆ. "ನಾ ಓದಲಿಲ್ಲ. ತಪ್ಪಾತು." ಅವರು ಬಯ್ಯಬಹುದಿತ್ತು. ಬಯ್ದಿದ್ದರೆ ನನಗೂ ಹಗುರಾಗುತ್ತಿತ್ತು. "ಮುಟ್ಟಿದ್ರ ಆತ ಬಿಡ್ರಿ" ಎಂದಷ್ಟೇ ಹೇಳಿ ನನ್ನ ಕೈಯಿಂದ ಅಮಾನತಿನ ಪತ್ರ ತೆಗೆದುಕೊಂಡು, ಒಂದಕ್ಷರ ಬಿಡದೆ ಓದಿ, ಕೆಳಗೆ ದಿನಾಂಕ ಸಮೇತ ಸಹಿ ಮಾಡಿದರು. ನಮ್ಮ ಶಾಲೆಗೆ ಬರುವ ಪಾಲಕರಲ್ಲಿ ಓದಿ ಸಹಿ ಮಾಡುವವರು ಕಡಿಮೆ. ಆಮೇಲೆ ಮಗಳ ನೋಟುಪುಸ್ತಕದಿಂದ ಎರಡು ಹಾಳೆ ಹರಿದು, ಅದೇ ಅರ್ಜಿಯನ್ನು ಎರಡು ಸಲ ಬರೆದು, ಒಂದನ್ನು ನನಗೆ ಕೊಟ್ಟು ಇನ್ನೊಂದನ್ನು ಮುಂದಿಟ್ಟರು. "ಇದಕ್ಕ ನೀವೊಂದ ಸಹಿ ಹಾಕ್ರಿ ಅಕ್ಕಾರ. ಮುಟ್ಟೇತಿ ಅಂತ." ಹಾಕಿದೆ. ಫಕ್ಕೀರಪ್ಪನವರು ನನ್ನನ್ನು ಬೈಕಿನ ಮೇಲೆ ಕ್ರಾಸಿನತನಕ ಬಿಟ್ಟು, ಬಸ್ಸು ಹತ್ತಿಸಿ ಹೋದರು. ಮನೆಗೆ ಬಂದಾಗ ಸೀರೆಗೆಲ್ಲ ಹತ್ತಿ ಅಂಟಿತ್ತು. ಏನಾಯಿತೆಂದು ನಮ್ಮ ಮನೆಯವರು ಕೇಳಿದರು. ರೊಟ್ಟಿ ಬಹಳ ಚೆನ್ನಾಗಿತ್ತು ಎಂದೆ. ಅವರು ಮುಂದೆ ಕೇಳಲಿಲ್ಲ.

ಮರುದಿನ ಶಾಲೆಗೆ ಹೋದವಳೇ ಹುಡುಕಿದೆ. ಹಳೆಯ ಚೀಟಿ ಹಾಜರಿ ಪುಸ್ತಕದ ರಟ್ಟಿನ ಒಳಗೇ ಇತ್ತು. ತಿಂಗಳಿಂದ ದಿನವೂ ಅದರ ಮೇಲೆಯೇ ಪಲ್ಲವಿಯ ಹೆಸರಿನ ಮುಂದೆ ಹಾಜರಿ ಹಾಕುತ್ತ ಬಂದಿದ್ದೆ. ಎರಡು ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮಾತುಗಳು ಅವೇ, ದಿನಾಂಕ ಮಾತ್ರ ಬೇರೆ. ಹಿಂದೆಯೂ ಒಮ್ಮೆ ಬರೆದಿದ್ದೆ ಎಂಬ ಮಾತು ಹೊಸ ಚೀಟಿಯಲ್ಲಿ ಇರಲಿಲ್ಲ. ಶಾಂತವ್ವ ಮರೆತರೋ, ಬೇಕೆಂದೇ ಬಿಟ್ಟರೋ ತಿಳಿಯದು. ನಾನು ಬಹಳ ಹೊತ್ತು ಯೋಚಿಸಿದೆ. ಆಮೇಲೆ ಹೊಸ ಚೀಟಿಯನ್ನು ತೆಗೆದುಕೊಂಡು ದೇಸಾಯಿ ಸರ್ ಹತ್ತಿರ ಹೋದೆ.

ಸರ್ ಓದಿ, ಬಸ್ ನಿಲ್ದಾಣದ ವಿಷಯವನ್ನೂ ಕತ್ತಲ ದಾರಿಯ ವಿಷಯವನ್ನೂ ನನ್ನಿಂದ ಕೇಳಿ, ಚೀಟಿಯನ್ನು ಮಡಚಿ ಕಡತದಲ್ಲಿಟ್ಟರು. "ಎರಡ ದಿನ ಆತಲ್ಲ, ಸಾಕು. ನಾಳೆಯಿಂದ ಆ ಹುಡುಗಿ ಬರ್ಲಿ" ಎಂದರು. ಅದೇ ವಾರ ಮಧ್ಯಾಹ್ನದ ಬಿಡುವಿನಲ್ಲಿ ಹದಿನೈದು ನಿಮಿಷ ಕಡಿಮೆ ಮಾಡಿ, ಕೊನೆಯ ಗಂಟೆ ನಾಲ್ಕೂಕಾಲಿಗೆ ಎಂದು ಆಡಳಿತ ಮಂಡಳಿಯಿಂದ ಒಪ್ಪಿಗೆ ತಂದರು. ಸಮಾಜವಿಜ್ಞಾನದ ಸರ್‌ಗೆ ಕಿಟಕಿಯ ಸೀಟು ಮತ್ತೆ ಸಿಕ್ಕಿತು. ಯಾವ ತಪ್ಪಿಗೆ ಹುಡುಗಿಯನ್ನು ಹೊರಗೆ ಹಾಕಿದ್ದೆವೋ ಅದೇ ಈಗ ಶಾಲೆಯ ವೇಳಾಪಟ್ಟಿ.

ಸೋಮವಾರದ ಪ್ರಾರ್ಥನೆಯ ಹೊತ್ತಿಗೆ ದೇಸಾಯಿ ಸರ್ ಮೈಕಿನ ಮುಂದೆ ನಿಂತು ಈ ಬದಲಾವಣೆಯನ್ನು ತಿಳಿಸಿದರು. ಇದಕ್ಕೆಲ್ಲ ಕಾರಣ ನಾನು ಎಂದರು. ಮಕ್ಕಳ ಕಷ್ಟ ಅರಿಯಲು ಸ್ವತಃ ಬಸ್ಸಿನಲ್ಲಿ ಹಳ್ಳಿಗೆ ಹೋಗಿ, ಪಾಲಕರ ಅರ್ಜಿಯನ್ನು ಕೈಯಾರೆ ತಂದು, ಒಂದು ದಿನವೂ ತಡಮಾಡದೆ ಮುಟ್ಟಿಸಿದ ಇಂಥ ಶಿಕ್ಷಕಿ ನಮ್ಮ ಶಾಲೆಯ ಹೆಮ್ಮೆ ಎಂದರು. ಇಲ್ಲ ಸರ್ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಒಂಬತ್ತನೇ ತರಗತಿಯ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಅದರ ಹಿಂದೆ ಇಡೀ ಮೈದಾನ ತಟ್ಟಿತು. ಮೊದಲು ಶುರು ಮಾಡಿದವಳು ಎರಡು ಬಿಗಿ ಜಡೆಯ ಹುಡುಗಿ. ನನ್ನ ಮುಖ ನೋಡುತ್ತ, ನಗದೆ, ಬಹಳ ಶ್ರದ್ಧೆಯಿಂದ ತಟ್ಟುತ್ತಿದ್ದಳು. ನಾನು ಬಾಯಿ ಮುಚ್ಚಿ, ಎಲ್ಲರಿಗೂ ಕೈಮುಗಿದು, ನನ್ನ ಜಾಗಕ್ಕೆ ಹೋಗಿ ನಿಂತೆ.